ಬೆರಳಷ್ಟು ಜೇಡಿ

ನನ್ನ ಅತ್ತಿಗೆಗೆ ಕಲ್ಲು ತೊಳೆಯುವ ಕೆಲಸ. ಹೀಗೆಂದರೆ ಜನ ನಗುತ್ತಾರೆ. ನಾನೂ ನಕ್ಕಿದ್ದೆ. ಪಾತ್ರೆ ತೊಳೆಯುವವರನ್ನು ಕಂಡಿದ್ದೇನೆ, ಬಟ್ಟೆ ಒಗೆಯುವವರನ್ನು ಕಂಡಿದ್ದೇನೆ, ಕಲ್ಲಿಗೆ ಸ್ನಾನ ಮಾಡಿಸಿ ಸಂಬಳ ತೆಗೆದುಕೊಳ್ಳುವವಳು ನಮ್ಮ ಮನೆಗೇ ಸೊಸೆಯಾಗಿ ಬರಬೇಕಿತ್ತೇ ಎಂದು ಅವಳ ಎದುರಿಗೇ ಹೇಳಿದ್ದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದವಳು. ನನ್ನ ಬಾಯಿ ಎಂಥದ್ದೆಂದು ಮೊದಲೇ ಗೊತ್ತಿತ್ತು. ಅವಳು ನನ್ನ ಅಣ್ಣನನ್ನು ಮದುವೆಯಾದ ದಿನದಿಂದ ನಾನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ‘ಅತ್ತಿಗೆ’ ಎನ್ನತೊಡಗಿದೆ. ಹಾಗೆ ಕರೆದಾಗಲೆಲ್ಲ ಅವಳಿಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ.

ಕೆಲಸ ಏನೆಂದು ಸರಿಯಾಗಿ ಹೇಳಿಬಿಡುತ್ತೇನೆ. ಸೇತುವೆಯೋ ದೊಡ್ಡ ಕಟ್ಟಡವೋ ಕಟ್ಟುವ ಮೊದಲು ನೆಲದೊಳಗೆ ಏನಿದೆ ಎಂದು ನೋಡಲು ಯಂತ್ರವಿಟ್ಟು ಕೊರೆಯುತ್ತಾರೆ. ಕೊರೆಯುವ ಕೊಳವೆ ಟೊಳ್ಳು. ಅದು ಇಳಿದ ಹಾಗೆಲ್ಲ ಒಳಗೆ ಕಲ್ಲಿನ ದಿಂಡು ಸಿಕ್ಕಿಕೊಂಡು ಮೇಲೆ ಬರುತ್ತದೆ, ಮಣಿಕಟ್ಟಿನಷ್ಟು ದಪ್ಪಕ್ಕೆ, ತುಂಡು ತುಂಡಾಗಿ. ಆ ತುಂಡುಗಳನ್ನು ಉದ್ದನೆಯ ಮರದ ಪೆಟ್ಟಿಗೆಗಳಲ್ಲಿ, ನೆಲದಲ್ಲಿ ಇದ್ದ ಕ್ರಮದಲ್ಲೇ, ಮೇಲಿನದು ಮೊದಲು ಕೆಳಗಿನದು ಆಮೇಲೆ ಎಂದು ಜೋಡಿಸುತ್ತಾರೆ. ಕೊರೆಯುವಾಗ ನೀರು ಬಿಡುವುದರಿಂದ ದಿಂಡಿನ ಮೈತುಂಬ ಕೆಸರು ಮೆತ್ತಿರುತ್ತದೆ. ಪೆಟ್ಟಿಗೆಗಳು ಊರಾಚೆಯ ಶೆಡ್ಡಿಗೆ ಬರುತ್ತವೆ. ಅಲ್ಲಿ ಅತ್ತಿಗೆ ಕೆಸರು ತೊಳೆದು, ತುಂಡಿನ ತುದಿಗೆ ತುಂಡಿನ ತುದಿ ಕೂಡಿಸಿ, ಫೋಟೋ ತೆಗೆದಿಡುತ್ತಾಳೆ. ಆಮೇಲೆ ಕಚೇರಿಯಿಂದ ಒಬ್ಬರು ಬಂದು ಭೂತಗನ್ನಡಿ ಹಿಡಿದು ಕಲ್ಲನ್ನು ಓದುತ್ತಾರೆ. ಅವರು ದಿಂಡಿನ ಮೇಲೆ ಬಗ್ಗಿ, ನಾಡಿ ನೋಡುವವರ ಹಾಗೆ ಎರಡು ಬೆರಳಿಟ್ಟು ಸವರುವುದರಿಂದ ಅವರಿಗೆ ಶೆಡ್ಡಿನವರು ಕಲ್ಲು ಡಾಕ್ಟರ್ ಎಂದು ಹೆಸರಿಟ್ಟಿದ್ದರು.

ಅತ್ತಿಗೆಗೆ ತನ್ನ ಫೋಟೋಗಳ ಬಗ್ಗೆ ಹೆಮ್ಮೆ. ಅವಳು ತೊಳೆದ ದಿಂಡು ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಹಾಗೆ ಹೊಳೆಯುತ್ತಿತ್ತು. ಬೇರೆಯವರು ತೊಳೆದದ್ದು ಕಂಡರೆ ಮೂಗು ಮುರಿಯುತ್ತಿದ್ದಳು. ಮನೆಯಲ್ಲೂ ಅಷ್ಟೇ. ನಾನು ತೊಳೆದಿಟ್ಟ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಅನ್ನದೆ ಮತ್ತೆ ತೊಳೆದಿಡುವಳು. ಅತ್ತಿಗೆ-ನಾದಿನಿಯರ ಜಗಳಕ್ಕೆ ಬೇರೆ ಮನೆಗಳಲ್ಲಿ ದೊಡ್ಡ ದೊಡ್ಡ ಕಾರಣಗಳಿರುತ್ತವಂತೆ. ನಮ್ಮಲ್ಲಿ ಲೋಟ ಸಾಕಾಗುತ್ತಿತ್ತು.

ನಾನು ದರ್ಜಿ. ಮನೆಯ ಮುಂಗೋಣೆಯೇ ನನ್ನ ಅಂಗಡಿ. ಮದುವೆಯಾಗಲಿಲ್ಲ, ಅಳತೆಗೆ ಹೊಂದುವವನು ಸಿಗಲಿಲ್ಲ. ಅಣ್ಣ ನನ್ನನ್ನು ಸೂಜಿ ಎಂದು ಕರೆಯುತ್ತಿದ್ದ. ಅದು ಕಸುಬಿನಿಂದ ಬಂದದ್ದೋ ಬಾಯಿಯಿಂದ ಬಂದದ್ದೋ ಅವನು ಹೇಳಲಿಲ್ಲ. ಅವನ ಹೆಂಡತಿ ಕಲ್ಲಮ್ಮ, ನಾನು ಸೂಜಿ. ಕಲ್ಲಿಗೂ ಸೂಜಿಗೂ ನಡುವೆ ಸಿಕ್ಕಿ ಬದುಕಿದ್ದೇನೆ ನೋಡಿ ಎಂದು ಗೆಳೆಯರ ಹತ್ತಿರ ಗೋಳು ತೋಡಿಕೊಳ್ಳುತ್ತಿದ್ದ. ಅವನದು ಮನೆಗಳಿಗೆ ಬಣ್ಣ ಬಳಿಯುವ ಕೆಲಸ. ಬಣ್ಣ ಬೆರೆಸುವಾಗ ನನ್ನನ್ನು ಕರೆಯುತ್ತಿದ್ದ, ಏಕೆಂದರೆ ಒಮ್ಮೆ ಕಂಡ ಬಣ್ಣ ನನಗೆ ಮರೆಯುವುದಿಲ್ಲ. ಹಳೆಯ ಅಂಗಿಯೊಂದಕ್ಕೆ ದಾರ ಬೇಕೆಂದರೆ ನಾನು ಅಂಗಿಯನ್ನು ಮನೆಯಲ್ಲೇ ಬಿಟ್ಟು ಹೋಗಿ ಅದೇ ದಾರ ತರುತ್ತೇನೆ. ಇದು ಜಂಬವಲ್ಲ. ಈ ಒಂದು ವಿದ್ಯೆ ನನಗೆ ಇರದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನ್ನಿಸಿದೆ.

ನಮ್ಮ ಊರು ಹೊಳೆಯ ಎರಡು ಬದಿಗೂ ಹರಡಿದೆ. ನಮ್ಮ ಬದಿಯ ಗುಡ್ಡ ಕಡಿದಾದದ್ದು. ಗಟ್ಟಿ ಮರಳುಗಲ್ಲಿನ ಪದರಗಳು ಮುಂದಕ್ಕೆ ಚಾಚಿ, ನಡುವಿನ ಮೆತ್ತನೆಯ ಪದರಗಳು ಸವೆದು ಒಳಕ್ಕೆ ಹೋಗಿ, ಮೆಟ್ಟಿಲು ಮೆಟ್ಟಿಲಾಗಿ ನಿಂತಿದೆ. ಅದಕ್ಕೇ ಮೆಟ್ಟಿಲು ಬದಿ ಎನ್ನುತ್ತೇವೆ. ಆಚೆಯದು ಹಾಸು ಬದಿ. ಒಂದೇ ಕಲ್ಲು ಹಾಸಿದ ಹಾಗೆ ತಲೆಯಿಂದ ಹೊಳೆಯವರೆಗೆ ನಯವಾಗಿ ಇಳಿದಿದೆ, ಮನೆ ಕಟ್ಟಲು ಹೇಳಿ ಮಾಡಿಸಿದ ಜಾಗ. ಅನುಕೂಲವಿದ್ದವರೆಲ್ಲ ಅಲ್ಲಿ. ನಾವು ತಲೆಯ ಮೇಲೆ ಬಂಡೆ ಇಟ್ಟುಕೊಂಡು ಈಚೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ಹಾಸು ಬದಿ ಹತ್ತಿರ ಹೋದರೂ ನುಣ್ಣಗೇ ಇತ್ತು. ಬಂಡೆ ಬಿದ್ದು ಸಾಯುವುದಿದ್ದರೆ ನಾವು ಸಾಯಬೇಕು, ಅವರಲ್ಲ ಎಂದು ಎಲ್ಲರೂ ತಿಳಿದಿದ್ದೆವು.

ಹಾಗಲ್ಲ ಎಂದು ನನಗೆ ತೋರಿಸಿದವಳು ಅತ್ತಿಗೆ. ಆ ವರ್ಷ ಹಾಸು ಬದಿಯ ಮೇಲಿನ ಓಣಿಯಲ್ಲಿ ಎರಡು ಮೂರು ಮನೆಗಳ ಗೋಡೆ ಬಿರುಕು ಬಿಟ್ಟಿತ್ತು. ಓಣಿಯವರು ಗಲಾಟೆ ಮಾಡಿದ್ದರಿಂದ ಊರಿನ ಕಚೇರಿಯವರು ಕೊರೆದು ನೋಡೋಣ ಎಂದರು. ಗಟ್ಟಿ ಕಲ್ಲಿನ ಮೇಲೆ ಕೂತ ಮನೆಗೆ ಏನು ಕೊರೆದು ನೋಡುವುದು ಎಂದು ನಾನು ಕೇಳಿದೆ. ಅತ್ತಿಗೆ ನನ್ನ ಬಟ್ಟೆ ಕತ್ತರಿಸುವ ಹಲಗೆ ತೆಗೆದುಕೊಂಡಳು. ಮಡಿಸಿಟ್ಟ ಹತ್ತಿ ಬಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಕೋಟಿನ ಒಳಮೈಗೆ ಹಾಕುವ ಸ್ಯಾಟಿನ್ ತುಂಡೊಂದನ್ನು ಇಟ್ಟಳು.

“ಎರಡೂ ಬದಿಯಲ್ಲಿ ಇರೋದು ಇದೇ ಪದರಗಳು ಕಣೇ. ಎಲ್ಲ ಒಂದೇ ದಿಕ್ಕಿಗೆ ವಾಲಿವೆ. ನಮ್ಮ ಕಡೆ ಗುಡ್ಡದ ಒಳಕ್ಕೆ ವಾಲಿವೆ, ಅದಕ್ಕೆ ಜಾರಲ್ಲ. ಆ ಕಡೆ ಹೊಳೆ ಕಡೆಗೆ ವಾಲಿವೆ.” ಹೀಗೆಂದು ಹಲಗೆಯ ಒಂದು ತುದಿ ಎತ್ತಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಇನ್ನೂ ಚೂರು ಎತ್ತಿದಳು. ಸ್ಯಾಟಿನ್ನಿನ ಮೇಲಿದ್ದ ಬಟ್ಟೆಗಳೆಲ್ಲ ಒಟ್ಟಿಗೇ, ಮಡಿಕೆಯೂ ಕೆಡದೆ, ನೆಲಕ್ಕೆ ಬಂದವು. ಕೆಳಗಿನವು ಅಲ್ಲಾಡಲಿಲ್ಲ.

“ಗಿರಾಕಿ ಬಟ್ಟೆಗೆ ಮಣ್ಣು ಮಾಡಿದೆಯಲ್ಲ ಮಾರಾಯ್ತಿ,” ಎಂದು ನಾನು ಬೈದೆ. “ಹಾಗಾದ್ರೆ ಆ ಕಡೆಯೋರು ಸ್ಯಾಟಿನ್ ಮೇಲೆ ಕೂತಿದ್ದಾರಾ?”

“ಇದೆಯೋ ಇಲ್ವೋ ನೋಡೋಕೇ ತಾನೇ ಕೊರೀತಿರೋದು. ಕಲ್ಲುಗಳ ನಡುವೆ ಜೇಡಿಮಣ್ಣಿನ ಪದರ ಇದ್ರೆ ಅದೇ ಸ್ಯಾಟಿನ್. ಬೆರಳು ದಪ್ಪ ಇದ್ರೂ ಸಾಕು. ನೀರು ಕುಡಿದ್ರೆ ಮುಗೀತು.”

ಓಣಿಯ ತುದಿಯಲ್ಲಿ ಕೊರೆದರು. ಪೆಟ್ಟಿಗೆಗಳು ಶೆಡ್ಡಿಗೆ ಬಂದವು. ಅತ್ತಿಗೆ ತೊಳೆದಳು, ಕೂಡಿಸಿದಳು, ಫೋಟೋ ತೆಗೆದಳು. ಹೊಸದಾಗಿ ಒಂದು ಪೈಪು ಬಂದಿತ್ತು, ನೀರು ಚಿಮ್ಮಿ ಹೊಡೆಯುವಂಥದ್ದು. ಅದರಿಂದ ಕೆಲಸ ಹೂವೆತ್ತಿದಷ್ಟು ಹಗುರವಾಗಿದೆ ಎಂದು ಆ ದಿನಗಳಲ್ಲಿ ಹೊಗಳುತ್ತಿದ್ದಳು. ಒಂದು ಸಂಜೆ ಅವಳ ಉಗುರಿನ ಸಂದಿಯಲ್ಲೆಲ್ಲ ಬೂದು ಬಣ್ಣದ ಏನೋ ಕೂತಿತ್ತು. ಅಣ್ಣ ಮೆಟ್ಟಿಲ ಮೇಲೆ ಅವಳನ್ನು ಕೂರಿಸಿಕೊಂಡು, ಬೆಂಕಿಕಡ್ಡಿ ಮುರಿದು, ಒಂದೊಂದೇ ಉಗುರು ಕೆದಕಿದ. ಅವನ ಉಗುರಲ್ಲಿ ನೀಲಿ ಬಣ್ಣ, ಅವಳ ಉಗುರಲ್ಲಿ ಬೂದು.

“ಇಡೀ ಗುಡ್ಡನೇ ಮನೆಗೆ ತಂದಿದ್ದೀಯಲ್ಲೇ ಕಲ್ಲಮ್ಮ,” ಎಂದ. “ಇರಲಿ ಬಿಡು, ಕೈ ಕೆಸರಾದ್ರೆ ಬಾಯಿ ಮೊಸರು.”

“ನೋಯ್ತಿದೆ, ಮೆಲ್ಲಗೆ,” ಎಂದು ಅವಳು ಕೈ ಎಳೆದುಕೊಂಡಳು. ಕಡ್ಡಿಯ ತುದಿಗೆ ಬಂದದ್ದನ್ನು ಅಣ್ಣ ನನ್ನ ಬಿಳಿ ಬಟ್ಟೆಯ ಚೂರಿಗೆ ಒರೆಸಿದ. ಅದು ಪೆನ್ಸಿಲ್ ಸೀಸದ ಬೂದು, ಅದರಲ್ಲಿ ಸ್ವಲ್ಪ ನೀಲಿಯ ಛಾಯೆ. ಒರೆಸಿದ ಚೂರು ನಾನು ಕಾಲರಿಗೆಂದು ಇಟ್ಟುಕೊಂಡಿದ್ದದ್ದು. ನಾನು ಇಬ್ಬರಿಗೂ ಸೇರಿಸಿ ಬೈದೆ. ಆ ಚೂರನ್ನು ಅವತ್ತೇ ಎಸೆದೆ.

ಕಲ್ಲು ಡಾಕ್ಟರ್ ದಿಂಡು ನೋಡಿ ವರದಿ ಬರೆದರು. ಗಟ್ಟಿ ಕಲ್ಲಿನ ಮೇಲೆ ಗಟ್ಟಿ ಕಲ್ಲು ಕೂತಿದೆ, ನಡುವೆ ಮೆತ್ತನೆಯದೇನೂ ಇಲ್ಲ, ಗುಡ್ಡ ಭದ್ರವಾಗಿದೆ. ಓಣಿಯವರಿಗೆ ಹೋದ ಜೀವ ಬಂದಂತಾಯಿತು. ಇಷ್ಟು ದಿನ ಉಳಿಯುತ್ತದೋ ಇಲ್ಲವೋ ಎಂದು ಮನೆಗಳನ್ನು ಹಾಗೇ ಬಿಟ್ಟಿದ್ದವರೆಲ್ಲ ಬಿರುಕು ಮುಚ್ಚಿಸಿ ಬಣ್ಣ ಹೊಡೆಸಲು ಹೊರಟರು. ಓಣಿ ಪೂರ್ತಿ ಅಣ್ಣನಿಗೇ ಸಿಕ್ಕಿತು. ಅವನ ಖುಷಿ ಹೇಳತೀರದು. ಬೆಳಿಗ್ಗೆ ಬ್ರಷ್ಷು ಡಬ್ಬಿ ಎತ್ತಿಕೊಂಡು ಹೊರಡುವಾಗ ಹೆಂಡತಿಯ ಕಡೆ ತಿರುಗಿ, “ನೀನು ಕಲ್ಲು ತೊಳೆದೆ, ನನಗೆ ಗೋಡೆ ಸಿಕ್ತು,” ಎನ್ನುತ್ತಿದ್ದ.

ಓಣಿಯ ನಡುವಿನ ಮನೆಯ ಕಿಟಕಿಗೆ ಬಣ್ಣ ಬಳಿಯುತ್ತಿದ್ದಾಗ ಗುಡ್ಡ ಜಾರಿತು. ವಾರವೆಲ್ಲ ಮಳೆ ಸುರಿದು ಅವತ್ತು ಬಿಟ್ಟಿತ್ತು, ಒಳ್ಳೆಯ ಬಿಸಿಲಿತ್ತು, ಅದಕ್ಕೇ ಹೋಗಿದ್ದ. ನಾನು ಮಶೀನಿನ ಮುಂದೆ ಕೂತಿದ್ದೆ. ಜಲ್ಲಿ ಲಾರಿ ಇಳಿಸಿದ ಸದ್ದಾಯಿತು. ಯಾರೋ ಮನೆ ಕಟ್ಟಿಸುತ್ತಿದ್ದಾರೆ ಎಂದುಕೊಂಡು ಹೊಲಿಗೆ ಮುಂದುವರಿಸಿದೆ. ಆಮೇಲೆ ಜನ ಓಡಿದರು. ಕಂಡವರು ಹೇಳಿದ್ದು ಇಷ್ಟು: ಗುಡ್ಡ ಕುಸಿಯಲಿಲ್ಲ, ಉರುಳಲಿಲ್ಲ. ಓಣಿಯ ಅರ್ಧ, ಮನೆ ಮರ ಕಂಬಗಳ ಸಮೇತ, ನಿಂತ ಹಾಗೇ ಕೆಳಕ್ಕೆ ಬಂತು. ಹೊಳೆಯ ಹತ್ತಿರ ಬಂದ ಮೇಲಷ್ಟೇ ಮುರಿಯಿತು. ಹೊರಗಿದ್ದವರು ಓಡಿದರು. ಒಳಗಿದ್ದ ಇಬ್ಬರು ಮುದುಕರು ಮತ್ತು ಏಣಿಯ ಮೇಲಿದ್ದ ಅಣ್ಣ ಹೋದರು. ನಮ್ಮ ತಲೆಯ ಮೇಲಿನ ಬಂಡೆಗಳಿಂದ ಒಂದು ಕಲ್ಲೂ ಬೀಳಲಿಲ್ಲ.

ಮಾಡಬೇಕಾದ್ದನ್ನೆಲ್ಲ ಮಾಡಿದೆವು. ನಾನು ಅತ್ತುಬಿಟ್ಟೆ. ಎದೆ ಬಡಿದುಕೊಂಡು, ಬಂದವರ ಹೆಗಲಿಗೆ ಬಿದ್ದು, ಗಂಟಲು ಕಟ್ಟುವವರೆಗೆ ಅತ್ತೆ. ಅತ್ತಿಗೆ ಅಳಲಿಲ್ಲ. ಬಂದವರಿಗೆ ಕುರ್ಚಿ ಕೊಟ್ಟಳು, ಹೋದವರ ಲೋಟ ತೊಳೆದಳು. ಆಮೇಲೆ ಕೆಲಸಕ್ಕೆ ಹೊರಟಳು. ಪಕ್ಕದ ಮನೆಯಾಕೆ ನನ್ನ ಕಿವಿಯ ಹತ್ತಿರ ಬಂದು, “ಕಣ್ಣಲ್ಲಿ ಒಂದು ಹನಿ ಇಲ್ಲ ನೋಡು,” ಎಂದಳು. ನಿಮ್ಮ ಮನೆಯ ಕೊಳಾಯಿಯಲ್ಲೂ ಇಲ್ಲ, ಅದಕ್ಕೇ ತಾನೇ ದಿನಾ ನಮ್ಮಲ್ಲಿಗೆ ಬರುವುದು ಎಂದು ಅವಳನ್ನು ಕಳಿಸಿದೆ. ಆದರೆ ಅವಳು ಹೇಳಿದ್ದು ನನ್ನ ಹೊಟ್ಟೆಯಲ್ಲೂ ಇತ್ತು. ನನಗೆ ಅತ್ತಿಗೆಯ ಮೇಲೆ ಸಿಟ್ಟು ಬರುತ್ತಿತ್ತು. ಸತ್ತವನು ನನ್ನ ಅಣ್ಣ. ಇವಳು ಅತ್ತರೆ ನನ್ನ ಅಳು ಒಂಟಿಯಾಗುವುದಿಲ್ಲ ಎಂದಷ್ಟೇ ನನ್ನ ಆಸೆ.

ಹಾಗೆ ನೋಡಿದರೆ ನಾನೂ ಆಮೇಲೆ ಒಣಗಿದೆ. ಮನೆ ನಡೆಯುತ್ತಿತ್ತು. ಇಬ್ಬರೂ ಏಳುತ್ತಿದ್ದೆವು, ಬೇಯಿಸುತ್ತಿದ್ದೆವು, ಎದುರುಬದುರು ಕೂತು ಉಣ್ಣುತ್ತಿದ್ದೆವು. ತಿಂದದ್ದು ಉಪ್ಪೋ ಸಪ್ಪೆಯೋ ತಿಳಿಯುತ್ತಿರಲಿಲ್ಲ. ನಾನು ಒಂದು ಅಂಗಿಗೆ ಎರಡೂ ಎಡಗಡೆಯ ತೋಳನ್ನೇ ಹೊಲಿದು ಕೊಟ್ಟೆ. ಗಿರಾಕಿ ಹಾಕಿಕೊಂಡು ನೋಡಿ, ನನ್ನ ಮುಖ ನೋಡಿ, ಚೆನ್ನಾಗಿದೆ ಎಂದು ಹೇಳಿ ಹೋದ. ಅಣ್ಣನ ಡಬ್ಬಿಗಳಲ್ಲಿ ಬಣ್ಣ ಕೆನೆಗಟ್ಟಿ ಗಟ್ಟಿಯಾಯಿತು. ಯಾರೂ ಎತ್ತಿಡಲಿಲ್ಲ. ಒಂದು ಬೆಳಿಗ್ಗೆ ಅತ್ತಿಗೆ ಒಲೆಯ ಮೇಲಿನ ಕಾದ ಪಾತ್ರೆಯ ಹಿಡಿಯನ್ನು ಬರಿಗೈಯಲ್ಲಿ ಹಿಡಿದು, ಅಡುಗೆಮನೆಯಿಂದ ಮುಂಗೋಣೆಯವರೆಗೆ ಬಂದು, ಮೇಜಿನ ಮೇಲಿಟ್ಟಳು. ಸುಟ್ಟ ವಾಸನೆ ನನ್ನ ಮೂಗಿಗೆ ಬಂತು. ಅವಳ ಅಂಗೈ ತಿರುಗಿಸಿ ನೋಡಿದೆ, ಉದ್ದಕ್ಕೆ ಬೊಬ್ಬೆ ಎದ್ದಿತ್ತು.

“ಸುಡಲಿಲ್ವೇನೇ?” ಎಂದೆ.

ಅವಳು ತನ್ನ ಕೈಯನ್ನೇ ಯಾರದೋ ಕೈ ಎಂಬಂತೆ ನೋಡಿದಳು. “ಗೊತ್ತಾಗಲಿಲ್ಲ,” ಎಂದಳು. ಮುಲಾಮು ಹಚ್ಚಿದಾಗಲೂ ಕೈ ಎಳೆದುಕೊಳ್ಳಲಿಲ್ಲ.

ಅವಳು ಬಾಯಿಬಿಟ್ಟದ್ದು ಮಳೆಗಾಲ ಮುಗಿದ ಮೇಲೆ. ಪಾತ್ರೆ ತೊಳೆಯುತ್ತಿದ್ದಳು. ಒಂದೇ ತಟ್ಟೆ ಹಿಡಿದು ನಲ್ಲಿ ಬಿಟ್ಟು ಎಷ್ಟೋ ಹೊತ್ತು ನಿಂತಿದ್ದಳು. ನಾನು ಹೋಗಿ ನಲ್ಲಿ ನಿಲ್ಲಿಸಿದೆ.

“ಆ ದಿಂಡು ತೊಳೆದೋಳು ನಾನೇ,” ಎಂದಳು.

“ನಿನ್ನ ಕೆಲಸ, ನೀನಲ್ಲದೆ ಇನ್ಯಾರು ತೊಳೀತಾರೆ?”

“ಅಲ್ಲಿ ಜೇಡಿ ಇದ್ದಿದ್ರೆ, ಅದನ್ನ ತೊಳೆದುಹಾಕಿರೋಳೂ ನಾನೇ.”

ಅವಳು ಬಿಡಿಸಿ ಹೇಳಿದಳು, ಅಂಗಡಿ ಸಾಮಾನಿನ ಪಟ್ಟಿ ಓದಿ ಹೇಳುವ ದನಿಯಲ್ಲಿ. ಒಂದು ಪೆಟ್ಟಿಗೆಯಲ್ಲಿ ಎರಡು ತುಂಡುಗಳ ತುದಿ ಒಂದಕ್ಕೊಂದು ಹಲ್ಲು ಕಚ್ಚಿದ ಹಾಗೆ ಕೂಡಲಿಲ್ಲ. ಎರಡೂ ನುಣ್ಣಗಿದ್ದವು. ಅವುಗಳ ನಡುವೆ ಕೆಸರು ಇತ್ತು. ದಿಂಡಿನ ಮೈತುಂಬ ಕೆಸರಿರುತ್ತದೆ, ಇದೂ ಅದೇ ಎಂದುಕೊಂಡು ಹೊಸ ಪೈಪು ಹಿಡಿದು ಚಿಮ್ಮಿಸಿದಳು. ಬೋಗುಣಿಯ ನೀರೆಲ್ಲ ಆಗಲೇ ರಾಡಿಯಾಗಿತ್ತು, ಹೋದದ್ದು ಯಾವ ಬಣ್ಣದ್ದು ಎಂದು ನೋಡಲಿಲ್ಲ. ತುಂಡುಗಳನ್ನು ಒತ್ತಿ ಕೂಡಿಸಿದಳು. ಬೆರಳಷ್ಟು ಅಳತೆ ಕಡಿಮೆ ಬಂತು. ಕೊರೆಯುವಾಗ ಅಷ್ಟು ಕಲ್ಲು ಸವೆದು ಹೋಗುವುದು ಮಾಮೂಲು. ಕಲ್ಲು ಡಾಕ್ಟರ್ ಕೂಡ ಹಾಗೆಯೇ ಅಂದುಕೊಂಡರು. ಫೋಟೋದಲ್ಲಿ ಕಲ್ಲಿಗೆ ಕಲ್ಲು ಸೇರಿ ಹೊಳೆಯುತ್ತಿತ್ತು. ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ ಎಂದು ನಾವು ತಮಾಷೆಗೆ ಹೇಳುತ್ತೇವಲ್ಲ, ಅದು.

“ಕೆಸರೇ ಇರಬಹುದು,” ಎಂದೆ. ನನ್ನ ದನಿ ನನಗೇ ಟೊಳ್ಳಾಗಿ ಕೇಳಿತು.

“ಇರಬಹುದು. ಗುಡ್ಡ ಜಾರಿದ ಜಾಗದಲ್ಲಿ ನೋಡಿದ್ರೂ ಗೊತ್ತಾಗ್ತಿಲ್ವಂತೆ, ಎಲ್ಲ ಮಳೆಗೆ ತೊಳೆದುಹೋಗಿದೆ. ಓಣಿ ತುದಿಯ ಮನೆಗಳು ಇನ್ನೂ ನಿಂತಿವೆಯಲ್ಲ, ಅವನ್ನ ಖಾಲಿ ಮಾಡಿಸಬೇಕೋ ಬೇಡವೋ ತಿಳೀಬೇಕು. ಹಳೇ ತೂತಿನ ಪಕ್ಕದಲ್ಲೇ ಮತ್ತೆ ಕೊರೀತಾರೆ.” ತಟ್ಟೆಯನ್ನು ಕವುಚಿಟ್ಟಳು. “ಜೇಡಿ ಸಿಗದೇ ಇದ್ರೆ ಸರಿ. ಸಿಕ್ಕಿದ್ರೆ ನಾನು ಈ ಮನೇಲಿರಲ್ಲ. ನಿನ್ನ ಅಣ್ಣನ ಮನೆ ಇದು. ನಿನ್ನ ಮುಂದೆ ಕೂತು ಹೆಂಗೆ ಉಣ್ಣಲಿ?”

ನಾನು ‘ಹೋಗಬೇಡ’ ಅನ್ನಲಿಲ್ಲ. ‘ಹೋಗು’ ಅಂತಲೂ ಅನ್ನಲಿಲ್ಲ. ಮರುದಿನ ಬಾಗಿಲ ಪಕ್ಕದಲ್ಲಿ ಅವಳ ಬಟ್ಟೆಯ ಚೀಲ ಕೂತಿತ್ತು, ಜಿಪ್ ಎಳೆದು, ನೀಟಾಗಿ. ಕಸ ಗುಡಿಸುವಾಗ ನಾನು ಅದನ್ನು ಎತ್ತಿ ಗುಡಿಸಿ ಮತ್ತೆ ಅಲ್ಲೇ ಇಡುತ್ತಿದ್ದೆ.

ಪೆಟ್ಟಿಗೆಗಳು ಬಂದ ದಿನ ಅವಳು ನನ್ನ ಅಂಗಡಿಗೆ ಬಂದು ನಿಂತಳು. “ನೀನೂ ಬಾ,” ಎಂದಳು.

“ನನಗೇನು ತಿಳಿಯುತ್ತೆ ಕಲ್ಲಿನ ವಿಷಯ?”

“ಬಣ್ಣ ತಿಳಿಯುತ್ತಲ್ಲ. ಬಾ.”

ಶೆಡ್ಡಿಗೆ ನಾನು ಹೋದದ್ದು ಅದೇ ಮೊದಲು. ತಗಡಿನ ಮಾಡು, ಸಿಮೆಂಟಿನ ನೆಲ, ಗೋಡೆಯುದ್ದಕ್ಕೂ ಕಬ್ಬಿಣದ ಅಟ್ಟಗಳಲ್ಲಿ ಪೆಟ್ಟಿಗೆಗಳು. ಊರಿನ ಕೆಳಗಿರುವುದೆಲ್ಲ ಅಲ್ಲಿ ಮೇಲೆ ಬಂದು ಸಾಲಾಗಿ ಮಲಗಿತ್ತು. ನೀರು ಚಿಮ್ಮುವ ಪೈಪನ್ನು ಸುತ್ತಿ ಹಗ್ಗದಿಂದ ಬಿಗಿದು ಮೂಲೆಗೆ ಹಾಕಿದ್ದರು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ‘ಮೊದಲು ಫೋಟೋ, ಆಮೇಲೆ ನೀರು’ ಎಂದು ದೊಡ್ಡದಾಗಿ ಬರೆದಿತ್ತು. ಕಲ್ಲು ಡಾಕ್ಟರ್ ಅಲ್ಲೇ ಇದ್ದರು. ಅಂಗಿ ಅವರ ಹೆಗಲಿನಿಂದ ಇಳಿಬಿದ್ದಿತ್ತು; ಆ ಅಂಗಿ ಹೊಲಿಸಿದ ಮೇಲೆ ಮನುಷ್ಯ ಬಹಳ ಇಳಿದಿದ್ದಾರೆ ಎಂದು ನನಗೆ ಗೊತ್ತಾಯಿತು.

“ಇವತ್ತು ನೀವು ಮುಟ್ಟೋದು ಬೇಡಮ್ಮ,” ಎಂದರು ಅತ್ತಿಗೆಗೆ. “ಬೇರೆ ಯಾರಾದ್ರೂ ಮಾಡ್ಲಿ.”

“ನಾನೇ ಮಾಡ್ತೀನಿ ಸಾರ್.”

ಒಂದೊಂದೇ ಪೆಟ್ಟಿಗೆ ಮೇಜಿಗೆ ಬಂತು. ಫೋಟೋ ತೆಗೆದ ಮೇಲೆ ಅತ್ತಿಗೆ ಸ್ಪಂಜನ್ನು ನೀರಿನಲ್ಲಿ ಅದ್ದಿ, ಹನಿ ಉಳಿಯದಂತೆ ಹಿಂಡಿ, ದಿಂಡಿನ ಮೈ ಒರೆಸಿದಳು. ಎಳೆಮಗುವಿನ ಮೈ ಒರೆಸುವವರೂ ಅಷ್ಟು ನಿಧಾನ ಮಾಡುವುದಿಲ್ಲ. ಕೊರೆದ ಕೆಸರು ಕಂದು ಬಣ್ಣದ್ದು, ನಮ್ಮ ಅಂಗಳದ ಮಣ್ಣಿನ ಬಣ್ಣ. ಅದರ ಕೆಳಗೆ ಹಳದಿ ಮರಳುಗಲ್ಲು, ಮತ್ತೆ ಹಳದಿ ಮರಳುಗಲ್ಲು, ನಡುವೆ ಕಪ್ಪು ಗೆರೆಗಳ ಪದರಗಲ್ಲು. ಒಂದಾದ ಮೇಲೆ ಒಂದು ಪೆಟ್ಟಿಗೆ ಹಾಗೇ ಹೋಯಿತು. ನನ್ನ ಕಾಲು ನೋಯತೊಡಗಿತು. ಏನೂ ಇಲ್ಲ, ಮನೆಗೆ ಹೋಗಿ ಆ ಚೀಲ ಬಿಚ್ಚಿದರಾಯಿತು ಎಂದು ನಾನು ಅಂದುಕೊಳ್ಳುತ್ತಿದ್ದೆ.

ಆಮೇಲೆ ಅತ್ತಿಗೆಯ ಕೈ ನಿಂತಿತು.

ಎರಡು ತುಂಡುಗಳ ನಡುವೆ ಅದು ಇತ್ತು. ಬೆರಳು ದಪ್ಪ. ಕಂದು ಕೆಸರಿನ ಕೆಳಗಿಂದ ಬೇರೆಯೇ ಬಣ್ಣ ಹೊರಬಂತು. ಕಲ್ಲು ಡಾಕ್ಟರ್ ಬಗ್ಗಿ ಪೆನ್ಸಿಲ್ ತುದಿ ಒತ್ತಿದರು. ಪೆನ್ಸಿಲ್ ಒಳಕ್ಕೆ ಹೋಯಿತು. ಅವರು ಕನ್ನಡಕ ತೆಗೆದು, ಒರೆಸದೆ, ಕೈಯಲ್ಲಿ ಹಿಡಿದು ನಿಂತರು.

“ಇದೆ,” ಎಂದರು.

ಅತ್ತಿಗೆ ಅವರ ಕಡೆ ನೋಡಲಿಲ್ಲ. ಹೆಬ್ಬೆರಳಿನ ಉಗುರನ್ನು ಅದರೊಳಗೆ ಊರಿ ತೆಗೆದು, ನನ್ನ ಮುಖದ ಮುಂದೆ ಹಿಡಿದಳು. “ಬೆಳಕಿಗೆ ಬಂದು ನೋಡು. ಅವತ್ತು ನಿನ್ನ ಅಣ್ಣ ನನ್ನ ಉಗುರಿಂದ ತೆಗೆದು ನಿನ್ನ ಬಟ್ಟೆಗೆ ಒರೆಸಿದ್ನಲ್ಲ. ಇದೇನಾ?”

ಪೆನ್ಸಿಲ್ ಸೀಸದ ಬೂದು. ಅದರಲ್ಲಿ ಸ್ವಲ್ಪ ನೀಲಿಯ ಛಾಯೆ.

ಅಲ್ಲ ಎನ್ನಬಹುದಿತ್ತು. ಬಾಗಿಲ ಪಕ್ಕದ ಚೀಲ ಕಣ್ಣ ಮುಂದೆ ಬಂತು. ಬಟ್ಟೆಯ ಚೂರು ಎಸೆದು ಎಷ್ಟೋ ಕಾಲವಾಯಿತು, ನೆನಪಿಲ್ಲ ಎಂದರೂ ಯಾರೂ ಕೇಳುತ್ತಿರಲಿಲ್ಲ. ಆದರೆ ಅವಳ ಈ ಮುಖಕ್ಕೆ ಸುಳ್ಳು ಹೇಳಿದರೆ ಅವಳು ಅದನ್ನು ನಂಬುವುದಿಲ್ಲ, ಇನ್ನು ಮುಂದೆ ನನ್ನನ್ನೂ ನಂಬುವುದಿಲ್ಲ. ಅವಳು ನನ್ನನ್ನು ಕರೆದುಕೊಂಡು ಬಂದದ್ದು ಸಮಾಧಾನ ಹೇಳಿಸಿಕೊಳ್ಳಲಿಕ್ಕಲ್ಲ.

“ಅದೇ,” ಎಂದೆ.

ಅವಳು ತಲೆಯಾಡಿಸಿದಳು. ಕಲ್ಲು ಡಾಕ್ಟರ್ ಕನ್ನಡಕ ಮತ್ತೆ ಹಾಕಿಕೊಂಡು, “ವರದಿ ಬರೆದಿದ್ದು ನಾನಮ್ಮ. ಸಹಿ ನನ್ನದು,” ಎಂದರು.

“ತೊಳೆದಿದ್ದು ನಾನು ಸಾರ್,” ಎಂದಳು. ಅದರಲ್ಲಿ ಜಗಳವಿರಲಿಲ್ಲ, ದುಃಖವೂ ಇರಲಿಲ್ಲ. ಸ್ಪಂಜು ಹಿಂಡಿ, “ಮುಂದಿನ ಪೆಟ್ಟಿಗೆ ಕೊಡಿ,” ಎಂದಳು. ಉಳಿದ ಪೆಟ್ಟಿಗೆಗಳನ್ನೆಲ್ಲ ಮುಗಿಸಿಯೇ ಹೊರಟೆವು.

ಸೇತುವೆಯ ಮೇಲೆ ಬರುವಾಗ ಎರಡೂ ಬದಿ ಕಾಣುತ್ತಿತ್ತು. ನಮ್ಮ ಬದಿಯ ಮೆಟ್ಟಿಲುಗಳ ಮೇಲೆ ಬಟ್ಟೆ ಒಣಹಾಕಿದ್ದರು. ಹಾಸು ಬದಿಯಲ್ಲಿ ಜಾರಿದ ಜಾಗ ಬರಿಮೈಯಾಗಿ ಬಿದ್ದಿತ್ತು, ಮತ್ತು ಅದರ ಅಂಚಿನಲ್ಲಿ ಓಣಿಯ ಕೊನೆಯ ಮನೆಗಳು ಅಣ್ಣ ಬಳಿದ ಹೊಸ ಬಣ್ಣದಲ್ಲಿ ನಿಂತಿದ್ದವು. ಇನ್ನು ಆ ಮನೆಗಳವರು ಅಲ್ಲಿರುವುದಿಲ್ಲ, ಈ ವಾರವೇ ಖಾಲಿ ಮಾಡಿಸುತ್ತಾರೆ. ಅಷ್ಟು ಜನ ಉಳಿದರು. ಇದನ್ನು ಅವಳಿಗೆ ಹೇಳೋಣವೆಂದುಕೊಂಡೆ. ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಮನೆಗೆ ಬಂದು ಅವಳು ನೇರ ನಲ್ಲಿಯ ಹತ್ತಿರ ಹೋದಳು. ಕೈ ತೊಳೆದು ಚೀಲ ಎತ್ತಿಕೊಳ್ಳುವುದು ಅವಳ ಲೆಕ್ಕ. ಕೊಳಕು ಕೈಯಲ್ಲಿ ಚೀಲ ಮುಟ್ಟುವವಳಲ್ಲ. ನಾನು ಹಿಂದೆಯೇ ಹೋಗಿ ನಲ್ಲಿಯ ಮೇಲೆ ಕೈಯಿಟ್ಟೆ.

“ತೊಳೀಬೇಡ. ಬಾ, ಕೂತ್ಕೋ.”

“ಹೊತ್ತಾಗುತ್ತೆ ಕಣೇ. ನಾನು ಹೋಗ್ಬೇಕು.”

“ಕೂತ್ಕೋ ಅಂದ್ನಲ್ಲ.”

ಮೆಟ್ಟಿಲ ಮೇಲೆ ಕೂರಿಸಿದೆ. ಒಲೆಯ ಹತ್ತಿರದ ಬೆಂಕಿಪೊಟ್ಟಣದಿಂದ ಒಂದು ಕಡ್ಡಿ ತೆಗೆದು, ಮದ್ದಿನ ತುದಿ ಮುರಿದು ಎಸೆದೆ. ಅವಳ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡೆ. ಅಂಗೈಯ ಬೊಬ್ಬೆ ಒಣಗಿ ಹೊಳಪಾದ ಕಲೆಯಾಗಿತ್ತು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಆ ಬೂದು ಕೂತಿತ್ತು. ಇದು ಅಣ್ಣನ ಕೆಲಸ. ನನ್ನ ಕೈಗೆ ಇದರ ಹದ ಗೊತ್ತಿಲ್ಲ. ಕೆದಕತೊಡಗಿದೆ.

ನನಗೆ ಅವಳ ಮೇಲೆ ಕೋಪವಿತ್ತು. ಈಗಲೂ ಇದೆ. ಆ ಪೈಪಿನ ಮೇಲೆ, ಆ ಹೊಳೆಯುವ ಫೋಟೋಗಳ ಮೇಲೆ, ಲೋಟವನ್ನು ಬೆಳಕಿಗೆ ಹಿಡಿದು ನೋಡುವ ಅವಳ ಕಣ್ಣಿನ ಮೇಲೆ ಕೋಪ. ಅದು ಹೋಗುತ್ತದೆ ಎಂದು ನಾನು ಯಾರಿಗೂ ಮಾತು ಕೊಟ್ಟಿಲ್ಲ. ಆದರೆ ಅವಳು ಆ ಚೀಲ ಹಿಡಿದು ಬಾಗಿಲು ದಾಟಿದರೆ ಈ ಮನೆಯಲ್ಲಿ ನಾನು ಯಾರ ಮೇಲೆ ಕೋಪ ಮಾಡಿಕೊಳ್ಳಲಿ, ಯಾರ ಜೊತೆ ಉಣ್ಣಲಿ?

ಬಹುಶಃ ಅದೇ ಕೋಪಕ್ಕೆ ಇರಬೇಕು, ಕಡ್ಡಿ ಸ್ವಲ್ಪ ಆಳಕ್ಕೆ ಹೋಯಿತು. ಉಗುರಿನ ಬುಡದಲ್ಲಿ ಕೆಂಪು ಕಾಣಿಸಿತು. ಅವಳು ಬೆಚ್ಚಿ ಬೆರಳು ಎಳೆದುಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ.

“ನೋಯ್ತಿದೆ ಕಣೇ,” ಎಂದಳು. ಹೇಳಿದ್ದು ತಾನೇ ಎಂದು ಅವಳಿಗೆ ಆಶ್ಚರ್ಯವಾದ ಹಾಗಿತ್ತು. ಮತ್ತೆ ಹೇಳಿದಳು, ಈ ಸಲ ಜೋರಾಗಿ, ಮಕ್ಕಳು ಹೇಳುವ ಹಾಗೆ ಬಾಯಿ ಸೊಟ್ಟ ಮಾಡಿಕೊಂಡು: “ನೋಯ್ತಿದೆ.”

“ನೋಯ್ಲಿ,” ಎಂದು ಅವಳ ಇನ್ನೊಂದು ಕೈಯನ್ನೂ ಎಳೆದುಕೊಂಡೆ.